ಪುಡಿಯ ತೂಕ ಸರಿಹೋದದ್ದು ಹೀಗೆ

ಉಡುಪಿಯ ನಮ್ಮ ಮನೆಯಲ್ಲಿ ಅಮ್ಮ ಸಾರಿನ ಪುಡಿ ಮಾಡುತ್ತಾರೆ. ಅದನ್ನು ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ 10 ಗ್ರಾಂ ಪೊಟ್ಟಣ ಕಟ್ಟುವುದು ನನ್ನ ಕೆಲಸ. ಈ ಆಟಿಯಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ತೂಕ ಕೈಗೇ ಸಿಗಲಿಲ್ಲ. ಒಂದು 9.62, ಇನ್ನೊಂದು 10.48! "ಆ ತಕ್ಕಡಿ ಬಿಸಾಡು ಮಾರಾಯ" ಅಂದರು ಅಮ್ಮ.

ಬಿಸಾಡುವ ಮೊದಲು ಸುಮ್ನೆ ಒಂದು 5 ರೂಪಾಯಿ ನಾಣ್ಯ ಇಟ್ಟು ನೋಡಿದೆ. ಫ್ಯಾನ್ ತಿರುಗುವಾಗ ಅಂಕಿ ಕುಣಿಯುತ್ತಿತ್ತು, ನಿಲ್ಲಿಸಿದಾಗ ನಿಂತಿತು. ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಇನ್ನರ್ಧ ತಲೆ ತಿಂದಿತು. ಕೊನೆಗೆ ಚಿಟಿಕೆ ಚಿಟಿಕೆಯಾಗಿ ಉದುರಿಸುವಾಗ ಅಂಕಿ 9.90ರಲ್ಲೇ ಕೂತಿರುತ್ತಿತ್ತು. ಬಟ್ಟಲು ಎತ್ತಿ ಮತ್ತೆ ಇಟ್ಟರೆ 10.21! ಇಂಥ ಸಣ್ಣ ಡಿಜಿಟಲ್ ತಕ್ಕಡಿಗಳು ನಿಧಾನವಾಗಿ ಏರುವ ತೂಕವನ್ನು ತಮ್ಮದೇ ತಪ್ಪು ಅಂದುಕೊಂಡು ಅಳಿಸಿಬಿಡುತ್ತವೆ. ಒಳ್ಳೆಯ ಬುದ್ಧಿ, ಅಲ್ವಾ? ಈಗ ಚಮಚದಲ್ಲಿ 9.5ರವರೆಗೆ ಹಾಕಿ, ಬಟ್ಟಲು ಎತ್ತಿ, ಉಳಿದದ್ದನ್ನು ತಕ್ಕಡಿಯಿಂದ ಆಚೆ ಬಟ್ಟಲಿಗೆ ಉದುರಿಸಿ, ಮತ್ತೆ ಇಡುತ್ತೇನೆ.

ಮಳೆಗೆ ಪುಡಿ ಗಂಟು ಕಟ್ಟುತ್ತದೆ. ಜರಡಿ ಹಿಡಿದು, ಸ್ವಲ್ಪ ಸ್ವಲ್ಪವೇ ಡಬ್ಬಿಯಿಂದ ತೆಗೆದರೆ ಸಾಕು.

ಭಾನುವಾರ 40 ಪೊಟ್ಟಣ ಕಟ್ಟಿದೆ. ಎಲ್ಲವೂ 9.9ರಿಂದ 10.1ರೊಳಗೆ. ಫ್ಯಾನ್ ಇಲ್ಲದೆ ಬೆವರಿದ್ದು ಬೇರೆ ಮಾತು.