ಪೈಲಟ್ ಪರವಾನಗಿ: ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆಗೆ ಸಿದ್ಧರಾಗುವುದು ಹೇಗೆ?

ಪೈಲಟ್ ಆಗಲು ಹೊರಟವರು ಹವಾಮಾನ ಶಾಸ್ತ್ರಕ್ಕೆ, ನ್ಯಾವಿಗೇಷನ್‌ಗೆ ತಿಂಗಳುಗಟ್ಟಲೆ ಓದುತ್ತಾರೆ. ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆಯನ್ನು ಮಾತ್ರ ಕೊನೆಯ ವಾರಕ್ಕೆ ತಳ್ಳುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಅದರ ಬಗ್ಗೆ ಉಡಾಫೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ಅನಗತ್ಯ ಅಂಜಿಕೆ. ಪರೀಕ್ಷೆ ಅಳೆಯುವುದೇನು ಎಂದು ತಿಳಿದರೆ ಎರಡೂ ಕಡಿಮೆಯಾಗುತ್ತವೆ.

ಇಂಗ್ಲಿಷ್ ಪ್ರಾವೀಣ್ಯ ಕಡ್ಡಾಯ ಎಂಬ ನಿಯಮದ ಹಿಂದೆ ಭಾರತದ ನೆಲದ ಮೇಲಿನ ದುರಂತವೂ ಇದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಬಳಿ ಸೌದಿ ಮತ್ತು ಕಜಾಕಿಸ್ತಾನದ ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 349 ಮಂದಿ ಸತ್ತರು. 15,000 ಅಡಿಯಲ್ಲಿ ಇರಬೇಕಿದ್ದ ಕಜಾಕ್ ವಿಮಾನ ಅದಕ್ಕಿಂತ ಕೆಳಗಿಳಿದಿತ್ತು. ಅದರ ಸಿಬ್ಬಂದಿಯ ಇಂಗ್ಲಿಷ್ ಕೊರತೆಯೂ ಕಾರಣಗಳ ಪಟ್ಟಿಯಲ್ಲಿ ಸೇರಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, 2003ರಲ್ಲಿ ಭಾಷಾ ಮಾನದಂಡಗಳನ್ನು ಬಿಗಿಗೊಳಿಸಿತು. 2008ರ ಮಾರ್ಚ್ 5ರಿಂದ ಅವು ಅನ್ವಯವಾದವು. ಪೈಲಟ್‌ಗಳಷ್ಟೇ ಅಲ್ಲ, ವಾಯು ಸಂಚಾರ ನಿಯಂತ್ರಕರೂ ಇದಕ್ಕೆ ಒಳಪಡುತ್ತಾರೆ.

ಎರಡು ಪರೀಕ್ಷೆಗಳನ್ನು ಬೆರೆಸಬೇಡಿ

ಭಾರತದಲ್ಲಿ ರೇಡಿಯೊ ಟೆಲಿಫೋನಿ ಪರೀಕ್ಷೆ, ಅಂದರೆ ಆರ್‌ಟಿಆರ್, ಬೇರೆ. ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆ ಬೇರೆ. ಮೊದಲಿನದು ರೇಡಿಯೊ ಬಳಕೆಯ ನಿಯಮ ಮತ್ತು ಸಿದ್ಧ ಪದಪುಂಜಗಳಿಗೆ ಸಂಬಂಧಿಸಿದ್ದು. ಅದನ್ನು ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು. 2025ರಲ್ಲಿ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಆ ಹೊಣೆಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ವರ್ಗಾಯಿಸಿದೆ. ಎರಡನೆಯದು ಸಿದ್ಧ ಪದಪುಂಜ ಮುಗಿದ ಮೇಲೆ ನೀವು ಏನು ಮಾತನಾಡುತ್ತೀರಿ ಎಂಬುದನ್ನು ನೋಡುತ್ತದೆ. ಇಲ್ಲಿ ಬರವಣಿಗೆ ಇಲ್ಲ, ವ್ಯಾಕರಣದ ಬಹು ಆಯ್ಕೆ ಪ್ರಶ್ನೆ ಇಲ್ಲ. ಕೇಳಬೇಕು, ಮಾತನಾಡಬೇಕು, ಅಷ್ಟೇ.

ಅಂಕದ ಗುಟ್ಟು

ಒಂದರಿಂದ ಆರರವರೆಗೆ ಮಟ್ಟಗಳಿವೆ. ಪರವಾನಗಿಗೆ ಕನಿಷ್ಠ ನಾಲ್ಕು ಬೇಕು. ಉಚ್ಚಾರಣೆ, ವಾಕ್ಯರಚನೆ, ಶಬ್ದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಎಂಬ ಆರು ಅಂಶಗಳಿಗೆ ಪ್ರತ್ಯೇಕವಾಗಿ ಮಟ್ಟ ಕೊಡುತ್ತಾರೆ. ಬಹುತೇಕರು ಎಡವುವುದು ಇಲ್ಲೇ: ಅಂತಿಮ ಫಲಿತಾಂಶ ಸರಾಸರಿ ಅಲ್ಲ, ಆರರಲ್ಲಿ ಯಾವುದು ಕನಿಷ್ಠವೋ ಅದು. ಐದರಲ್ಲಿ ಐದನೇ ಮಟ್ಟ ಪಡೆದು, ಗ್ರಹಿಕೆಯಲ್ಲಿ ಮೂರಕ್ಕೆ ಇಳಿದರೆ ನೀವು ಮೂರನೇ ಮಟ್ಟದವರು. ಆದ್ದರಿಂದ ಬಲವಾದದ್ದನ್ನು ತಿದ್ದಿ ತೀಡುವುದರಲ್ಲಿ ಕಾಲ ಕಳೆಯಬೇಡಿ. ಯಾರೊಂದಿಗಾದರೂ ಹತ್ತು ನಿಮಿಷ ಮಾತನಾಡಿ ಧ್ವನಿಮುದ್ರಿಸಿಕೊಳ್ಳಿ. ಮರುದಿನ ಕೇಳಿದರೆ ದುರ್ಬಲ ಜಾಗ ತಾನಾಗಿ ಗೊತ್ತಾಗುತ್ತದೆ.

ಉಚ್ಚಾರಣೆಯಲ್ಲಿ ಕನ್ನಡದ ಛಾಯೆ ಇದ್ದರೆ ತಪ್ಪೇನಿಲ್ಲ. ಮಾತೃಭಾಷೆಯ ಪ್ರಭಾವವನ್ನು ನಾಲ್ಕನೇ ಮಟ್ಟ ಒಪ್ಪುತ್ತದೆ, ಅದು ಅರ್ಥಕ್ಕೆ ಕೆಲವೊಮ್ಮೆ ಮಾತ್ರ ಅಡ್ಡಿಯಾದರೆ ಸರಿ. ಅಮೆರಿಕದವರಂತೆ ನಾಲಿಗೆ ಮಡಚುವ ಅಗತ್ಯವಿಲ್ಲ, ಹಾಗೆ ಮಾಡಿದವರ ಮಾತೇ ಅರ್ಥವಾಗುವುದು ಹೆಚ್ಚು ಕಷ್ಟ. ಆದರೆ ನಮ್ಮವರು ಗಮನಿಸಬೇಕಾದ ಎರಡು ಅಭ್ಯಾಸಗಳಿವೆ. ಹಕಾರ ನುಂಗುವವರ ಬಾಯಲ್ಲಿ ‘ಹೋಲ್ಡ್’ ‘ಓಲ್ಡ್’ ಆಗುತ್ತದೆ. ರನ್‌ವೇ ಹೊರಗೆ ನಿಲ್ಲಬೇಕಾದಾಗ ಬಳಸುವ ಪದವದು. ಪದಾಂತ್ಯಕ್ಕೆ ಉಕಾರ ಸೇರಿಸುವುದು ಇನ್ನೊಂದು, ಅದು ಅಂಕಿಗಳನ್ನು ಮಸುಕುಗೊಳಿಸುತ್ತದೆ.

ಅಂಕಿಯ ವಿಷಯದಲ್ಲಿ ಉದಾಸೀನ ಸಲ್ಲದು. 1989ರ ಫೆಬ್ರುವರಿಯಲ್ಲಿ ಕ್ವಾಲಾಲಂಪುರ ಸಮೀಪ ನಿಯಂತ್ರಕರು ಸರಕು ವಿಮಾನವೊಂದಕ್ಕೆ 2,400 ಅಡಿಗೆ ಇಳಿಯಲು ಹೇಳುತ್ತಾ ‘ಟೂ ಫೋರ್ ಝೀರೊ ಝೀರೊ’ ಎಂದರು. ಸಿಬ್ಬಂದಿಗೆ ‘ಟೂ’ ಎಂಬುದು ಎರಡು ಎಂಬ ಅಂಕಿಯಾಗಿ ಅಲ್ಲ, ‘ಕ್ಕೆ’ ಎಂಬರ್ಥದ ‘to’ ಆಗಿ, ಅಂದರೆ ‘ನಾನೂರಕ್ಕೆ’ ಎಂದು ಕೇಳಿಸಿತು. ಅವರು 400 ಎಂದೇ ಮರಳಿ ಹೇಳಿದರು. ತಪ್ಪನ್ನು ಯಾರೂ ತಿದ್ದಲಿಲ್ಲ. ವಿಮಾನ ಬೆಟ್ಟಕ್ಕೆ ಬಡಿದು ನಾಲ್ವರೂ ಸತ್ತರು. ಸೂಚನೆಯನ್ನು ಪೂರ್ಣವಾಗಿ ಮರಳಿ ಹೇಳುವುದನ್ನು ದಿನವೂ ರೂಢಿಸಿಕೊಳ್ಳಿ. ಹಲವು ದೇಶಗಳ ವಾಯು ಸಂಚಾರ ಸಂಭಾಷಣೆ ಅಂತರ್ಜಾಲದಲ್ಲಿ ಸಿಗುತ್ತದೆ. ಒಂದು ಸೂಚನೆ ಕೇಳಿ, ನಿಲ್ಲಿಸಿ, ಬರೆದುಕೊಳ್ಳದೆ ಮರಳಿ ಹೇಳಿ. ನಾನಾ ದೇಶಗಳ ಉಚ್ಚಾರಣೆ ಕೇಳಿಸಿಕೊಂಡಷ್ಟೂ ಕಿವಿ ಪಳಗುತ್ತದೆ.

ಪದ ಸಿಗದಿದ್ದರೆ?

ಅಭ್ಯಾಸದ ಹೆಚ್ಚಿನ ಪಾಲು ಇಲ್ಲಿಗೆ ಮೀಸಲಿರಲಿ. ಹಠಾತ್ ಸಂದರ್ಭದಲ್ಲಿ ಸರಿಯಾದ ಪದ ಹೊಳೆಯದಿದ್ದರೆ ಸುತ್ತುಬಳಸಿ ಅರ್ಥ ಮಾಡಿಸುವುದನ್ನು ನಾಲ್ಕನೇ ಮಟ್ಟ ಸಾಮರ್ಥ್ಯವೆಂದೇ ಗಣಿಸುತ್ತದೆ. ವಿಮಾನದ ವೇಗ ಅಳೆಯಲು ನೆರವಾಗುವ ಕೊಳವೆಯ ಹೆಸರು, ಅಂದರೆ ಪಿಟೊ ಟ್ಯೂಬ್, ಮರೆತರೆ, ವೇಗ ತೋರಿಸುವ ಮಾಪಕವನ್ನು ನಂಬುವಂತಿಲ್ಲ ಎಂದರೂ ಸಾಕು. ರನ್‌ವೇ ಮೇಲೆ ನಾಯಿ, ಟೈರ್ ಸಿಡಿದದ್ದು, ಪ್ರಯಾಣಿಕನಿಗೆ ಮೂರ್ಛೆ, ಅಡುಗೆ ಭಾಗದಲ್ಲಿ ಸುಟ್ಟ ವಾಸನೆ: ಇಂಥ ಸಂದರ್ಭಗಳನ್ನು ಚೀಟಿಗಳಲ್ಲಿ ಬರೆದು, ಒಂದೊಂದನ್ನು ಎತ್ತಿ, ಏನಾಯಿತು, ಏನು ಮಾಡಲಿದ್ದೀರಿ, ಏನು ನೆರವು ಬೇಕು ಎಂದು ಸರಳ ಇಂಗ್ಲಿಷಿನಲ್ಲಿ ಹೇಳಿ. ತುರ್ತು ಎಂಬುದನ್ನು ಮೊದಲ ಮಾತಿನಲ್ಲೇ ಹೇಳುವುದು ಮುಖ್ಯ. 1990ರಲ್ಲಿ ನ್ಯೂಯಾರ್ಕ್ ಬಳಿ ಇಂಧನ ಬರಿದಾಗಿ ಬಿದ್ದ ಏವಿಯಾಂಕಾ ವಿಮಾನದ ಸಿಬ್ಬಂದಿ ಇಂಧನ ಮುಗಿಯುತ್ತಿದೆ ಎಂದರು, ಆದ್ಯತೆ ಕೇಳಿದರು. ತುರ್ತು ಪರಿಸ್ಥಿತಿ ಎಂದು ಮಾತ್ರ ಘೋಷಿಸಲಿಲ್ಲ. 73 ಜನ ಸತ್ತರು.

ಪರೀಕ್ಷಕರ ಮುಂದೆ ಅರ್ಥವಾಗದ್ದನ್ನು ಅರ್ಥವಾದಂತೆ ನಟಿಸುವುದು ನಮ್ಮವರ ಹಳೆಯ ಚಾಳಿ. ‘ಸೇ ಅಗೇನ್’ ಎಂದು ಕೇಳಿದರೆ ಸೋತಂತಲ್ಲ. ಸಂದೇಹ ಬಗೆಹರಿಸಿಕೊಳ್ಳುವುದು ಸಂವಾದ ಎಂಬ ಅಂಶದ ಭಾಗವೇ ಆಗಿದೆ. ಬಾಯಿಪಾಠ ಮಾಡಿದ ಪರಿಚಯ ಭಾಷಣವನ್ನು ಮನೆಯಲ್ಲೇ ಬಿಟ್ಟುಬನ್ನಿ, ಮೊದಲ ಅಡ್ಡಪ್ರಶ್ನೆಗೇ ಅದು ಕಳಚಿ ಬೀಳುತ್ತದೆ.

ತೇರ್ಗಡೆಯಾದ ಮೇಲೆ ಪರವಾನಗಿಯಲ್ಲಿ ಮಟ್ಟ ನಮೂದಾಗಿದೆಯೇ ಎಂದು ನೋಡಿಕೊಳ್ಳಿ. ನಾಲ್ಕನೇ ಮಟ್ಟದವರು ಮೂರು ವರ್ಷಕ್ಕೊಮ್ಮೆ, ಐದನೇ ಮಟ್ಟದವರು ಆರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು. ಆರನೇ ಮಟ್ಟಕ್ಕೆ ಮರುಪರೀಕ್ಷೆ ಇಲ್ಲ. ಯುರೋಪಿನ ನಿಯಮದಲ್ಲಿ ನಾಲ್ಕನೇ ಮಟ್ಟದ ಅವಧಿ ನಾಲ್ಕು ವರ್ಷ. ಬೇರೆ ದೇಶದ ಪರವಾನಗಿಗೆ ಬದಲಾಯಿಸಿಕೊಳ್ಳುವವರು ಆ ದೇಶದ ಲೆಕ್ಕವನ್ನೇ ಹಿಡಿಯಬೇಕು.