ರಿಪೇರಿ ಎಂದು ಬರೆದ ಫೋರ್ಕಿಗೆ ಹೊಸದರ ದುಡ್ಡು ಇಸ್ಕೊಂಡಿದ್ದು: ನನ್ನ ಬೈಕ್ ಕ್ಲೇಮ್ ಅನುಭವ

18 ಸಾವಿರ ಚಿಲ್ಲರೆಗೆ ಸಹಿ ಹಾಕಿ ಎಂದ ವಿಮಾ ಕಂಪನಿ ಕೊನೆಗೆ 38 ಸಾವಿರದ ಹತ್ತಿರ ಕೊಟ್ಟಿತು. ವಕೀಲರಿಲ್ಲ, ಶಿಫಾರಸಿಲ್ಲ, ಯಾರ ಕೈಯನ್ನೂ ಬಿಸಿ ಮಾಡಿಲ್ಲ. "ಬೈಕ್ ಕ್ಲೇಮಿಗೆಲ್ಲ ಓಂಬುಡ್ಸ್‌ಮನ್ ಹತ್ರ ಯಾರು ಹೋಗ್ತಾರೆ, ಕೊಟ್ಟಷ್ಟು ಇಸ್ಕೊಂಡು ಸುಮ್ನಿರು" ಎಂದ ಗೆಳೆಯರೇ ಈಗ ತಮ್ಮ ಸರ್ವೆ ರಿಪೋರ್ಟ್ ಕಳಿಸಿ ಇದನ್ನೂ ಒಂಚೂರು ನೋಡು ಮಾರಾಯ ಎನ್ನುತ್ತಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ. ಓಂಬುಡ್ಸ್‌ಮನ್ ಅಂದ್ರೆ ವಿಮೆ ದೂರು ವಿಚಾರಿಸಿ ಆದೇಶ ಕೊಡುವವರು, ಐಡಿವಿ ಅಂದ್ರೆ ವಿಮೆಯ ಲೆಕ್ಕಕ್ಕೆ ಹಿಡಿಯುವ ಬೈಕಿನ ಬೆಲೆ, ಎನ್‌ಸಿಬಿ ಅಂದ್ರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಇಷ್ಟು ಗೊತ್ತಿದ್ದರೆ ಸಾಕು.

ಬೈಕ್ 350 ಸಿಸಿ, ಮೂರನೇ ವರ್ಷ ನಡೆಯುತ್ತಿತ್ತು. ಐಡಿವಿ 1.3 ಲಕ್ಷದ ಆಸುಪಾಸು. ಪಾರ್ಟು ಹಳೆಯದಾದಷ್ಟು ಕಡಿಯುವ ಡಿಪ್ರಿಸಿಯೇಶನ್ ತಪ್ಪಿಸುವ ಝೀರೋ ಡೆಪ್ ಕವರ್ ಇರಲಿಲ್ಲ. ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ಜಲ್ಲಿ ಮೇಲೆ ಮುಂದಿನ ಚಕ್ರ ಜಾರಿ ಬದಿಯ ಕಲ್ಲಿಗೆ ಹೊಡೆಯಿತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬೈಕಿಗೆ ಮಾತ್ರ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಎರಡು ಕೊಳವೆ), ಟಿ-ಸ್ಟೆಮ್ (ಆ ಎರಡನ್ನೂ ಹಿಡಿದಿಡುವ ಭಾಗ), ಮುಂದಿನ ಅಲಾಯ್ ಚಕ್ರ, ಟ್ಯಾಂಕ್, ಸೈಲೆನ್ಸರ್, ಹೆಡ್‌ಲೈಟು, ಸುತ್ತಲಿನ ಪ್ಲಾಸ್ಟಿಕ್ ಎಲ್ಲ ಹೋಗಿತ್ತು. ಶೋರೂಮಿನ ಎಸ್ಟಿಮೇಟ್ 58 ಸಾವಿರದ ಸುತ್ತಮುತ್ತ ಬಂತು.

50 ಸಾವಿರ ದಾಟಿದ ವಾಹನ ಕ್ಲೇಮಿಗೆ ನಷ್ಟ ಅಂದಾಜು ಮಾಡುವ, ಲೈಸೆನ್ಸ್ ಇರುವ ಸರ್ವೇಯರ್ ಬರಲೇಬೇಕು, ಬಂದರು. ಬಿಚ್ಚದೇ ನಿಂತಿದ್ದ ಬೈಕಿನ ಸುತ್ತ ಒಂದು ಸುತ್ತು ಹೊಡೆದು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ಅವರು ಹಾಕಿದ ಲೆಕ್ಕ: ಫೋರ್ಕ್ ರಿಪೇರಿ. ಅಲಾಯ್ ರಿಪೇರಿ. ಟ್ಯಾಂಕಿಗೆ ಡೆಂಟ್ ತೆಗೆದು ಪೇಂಟ್. ಸೈಲೆನ್ಸರ್ ಮೇಲಿನ ಗೀರು ಹಳೆಯದು, ಅದಕ್ಕೆ ಸೊನ್ನೆ. ಒಟ್ಟು 18 ಸಾವಿರ ಚಿಲ್ಲರೆ. ಡಿಪ್ರಿಸಿಯೇಶನ್ ಬಗ್ಗೆ ನನ್ನ ತಕರಾರಿರಲಿಲ್ಲ. ಪ್ಲಾಸ್ಟಿಕ್, ರಬ್ಬರಿಗೆ 50%, ಎರಡರಿಂದ ಮೂರು ವರ್ಷದ ಗಾಡಿಯ ಲೋಹದ ಪಾರ್ಟಿಗೆ 15%, ಆಮೇಲೆ ಕಡ್ಡಾಯವಾಗಿ ಕಡಿಯುವ 100 ರೂಪಾಯಿ. ಪಾಲಿಸಿಯಲ್ಲೇ ಬರೆದಿದೆ, ಒಪ್ಪಿಕೊಂಡೇ ಕೊಂಡದ್ದು. ಜಗಳ ಇದ್ದದ್ದು ರಿಪೇರಿ ಎಂಬ ಒಂದೇ ಕಾಲಮ್ಮಿನ ಮೇಲೆ. ಅಲ್ಲೇ ಇವರು ದುಡ್ಡು ಉಳಿಸುವುದು. ಡಿಪ್ರಿಸಿಯೇಶನ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಇದು ಬೀಳಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿ ನೋಡಿದೆ. ಕಾಲ್ ಸೆಂಟರಿಗೆ ಫೋನ್ ಹಚ್ಚಿದರೆ ಪ್ರತಿ ಸಲ ಹೊಸ ಡಾಕೆಟ್ ನಂಬರ್, ಹೊಸ ದನಿ, ಮೊದಲಿನಿಂದ ಕಥೆ. ಆಫೀಸಿಗೆ ಹೋದರೆ "ಸರ್ವೇಯರ್ ಬರೆದದ್ದೇ ಫೈನಲ್ ಸರ್" ಎಂದರು. ಸೋಷಿಯಲ್ ಮೀಡಿಯಾದಲ್ಲಿ ಬೈದೆ. ಐದೇ ನಿಮಿಷದಲ್ಲಿ ವಿಷಾದ ವ್ಯಕ್ತಪಡಿಸಿ ಪಾಲಿಸಿ ನಂಬರ್ ಕೇಳಿದರು, ಅಲ್ಲಿಗೆ ಮುಗಿಯಿತು. ಶೋರೂಮಿನವರೂ ಸಹಾಯ ಮಾಡಲ್ಲ, ಅವರಿಗೆ ದಿನಾ ಅದೇ ಸರ್ವೇಯರ್ ಜೊತೆ ಏಗಬೇಕು. ಇದಕ್ಕೆಲ್ಲ ಒಂದು ತಿಂಗಳ ಹತ್ತಿರ ಹೋಯಿತು. ಬೈಕ್ ಮೂಲೆಯಲ್ಲಿ ನಿಂತಿತ್ತು, ಪಾರ್ಕಿಂಗ್ ಚಾರ್ಜ್ ಹಾಕ್ತೀವಿ ಎಂದು ಶೋರೂಮಿನವರು ಬೇರೆ ಶುರು ಮಾಡಿದರು.

ಸರ್ವೇಯರ್ ಬರೆದದ್ದೇ ಫೈನಲ್ ಎಂಬ ಮಾತು ಸುಳ್ಳು. ಅವರ ರಿಪೋರ್ಟ್ ಕೊನೆಯ ಮಾತಲ್ಲ ಎಂದು 2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹಾಗೆಂದು ಬಾಯಲ್ಲಿ ಹೇಳಿದರೆ ಕೌಂಟರಿನವರು ನಗುತ್ತಾರೆ. ಅವರ ಕಾಗದದ ಎದುರಿಗೆ ನಮ್ಮದೊಂದು ಕಾಗದ ಬೇಕು. ಸರ್ವೆ ರಿಪೋರ್ಟಿನ ಪ್ರತಿ ಕೊಡಿ ಎಂದು ಮೇಲ್ ಹಾಕಿದೆ. ಕೇಳಿದರೆ ಕೊಡಬೇಕು. ಎರಡು ಸಲ ನೆನಪಿಸಿದ ಮೇಲೆ ಬಂತು. ಓದಿದರೆ ಫೋರ್ಕಿನ ಮುಂದೆ "ಬೆಂಡ್, ರಿಪೇರಿ ಸಾಧ್ಯ" ಎಂದಿತ್ತು. ಎಷ್ಟು ಬೆಂಡ್ ಎಂದು ಇರಲಿಲ್ಲ. ಅಳತೆಯೇ ತೆಗೆದಿಲ್ಲ! ಅದನ್ನು ಓದಿದ ರಾತ್ರಿ ನನಗೆ ನಿಜವಾಗಲೂ ಖುಷಿಯಾಗಿತ್ತು.

ಪರಿಚಯದ ಲೇತ್ ಅಂಗಡಿಗೆ ಎರಡೂ ಫೋರ್ಕ್ ಟ್ಯೂಬ್ ಬಿಚ್ಚಿಸಿ ತಂದೆ. ದಪ್ಪ ಗಾಜಿನ ಮೇಲೆ ಉರುಳಿಸಿದರೇ ಒಂದು ಕುಣಿಯುತ್ತಿತ್ತು. ಗಾಜಿನ ಲೆಕ್ಕವನ್ನು ಕಂಪನಿ ಒಪ್ಪಲ್ಲ. ಅದಕ್ಕೇ ವಿ-ಬ್ಲಾಕ್ (ಕೊಳವೆ ಕೂರಿಸುವ ವಿ ಆಕಾರದ ಕಟ್ಟೆ) ಮೇಲಿಟ್ಟು ಸೂಕ್ಷ್ಮ ಏರಿಳಿತ ಅಳೆಯುವ ಡಯಲ್ ಗೇಜ್ ಹಚ್ಚಿದೆವು. ಬಲಗಡೆಯದು ಒಂದೂವರೆ ಮಿ.ಮೀ. ಹತ್ತಿರ, ಎಡಗಡೆಯದು ಅದಕ್ಕಿಂತ ಸ್ವಲ್ಪ ಕಡಿಮೆ. ಡಯಲ್ ತೋರಿಸಿದ್ದರಲ್ಲಿ ಅರ್ಧ ಮಾತ್ರ ನಿಜವಾದ ಬೆಂಡ್ ಎಂದು ವಾದ ಬರುತ್ತದೆ ಅಂತ ಗೊತ್ತಿತ್ತು. ಅರ್ಧ ಹಿಡಿದರೂ ನನ್ನ ಬೈಕಿನ ಸರ್ವಿಸ್ ಮ್ಯಾನ್ಯುಯಲ್ ಹೇಳುವ 0.2 ಮಿ.ಮೀ. ಮಿತಿಯ ಮೂರು ಪಟ್ಟು ದಾಟುತ್ತಿತ್ತು. ಬೆಂಡ್ ಆದ ಟ್ಯೂಬನ್ನು ನೇರ ಮಾಡಲು ಹೋಗಬೇಡಿ, ಬದಲಾಯಿಸಿ ಎಂದೂ ಅದೇ ಪುಟದಲ್ಲಿತ್ತು. ಲೇತ್‌ನವರಿಂದ ಲೆಟರ್‌ಹೆಡ್ ಮೇಲೆ ಅಳತೆ ಬರೆಸಿ ಸಹಿ, ಸೀಲು ಹಾಕಿಸಿದೆ. ಫೋಟೋದಲ್ಲಿ ಡಯಲ್, ಟ್ಯೂಬ್ ಮತ್ತು ಇನ್ನೊಂದು ವಸ್ತು ಒಟ್ಟಿಗೆ ಬರುವ ಹಾಗೆ ತೆಗೆದೆ. ಆ ಇನ್ನೊಂದು ವಸ್ತು ಯಾವುದು ಎಂದು ಇಲ್ಲಿ ಹೇಳಲ್ಲ. ಇದು ಅದೇ ಬೈಕಿನ ಫೋರ್ಕು ಎಂಬುದಕ್ಕೆ ಏನು ಸಾಕ್ಷಿ ಎಂದು ಮುಂದೆ ಕಂಪನಿಯವರು ಕೇಳಿಯೇ ಕೇಳಿದರು, ಆಗ ಕೆಲಸಕ್ಕೆ ಬಂದದ್ದು ಅದೇ.

ಅಷ್ಟಕ್ಕೇ ಬಿಡದೆ ಇನ್ನೊಂದು ಹುಚ್ಚು ಹತ್ತಿತು. ನೇರ ಮಾಡಿದರೆ ಏನಾಗುತ್ತದೆ ನೋಡೋಣ ಎಂದು ಗುಜರಿಯಿಂದ ಬೆಂಡಾದ ಬೇರೊಂದು ಟ್ಯೂಬ್ 300 ರೂಪಾಯಿಗೋ ಏನೋ ತಂದು ಹೈಡ್ರಾಲಿಕ್ ಪ್ರೆಸ್‌ಗೆ ಕೊಡಿಸಿದೆ. ಕಣ್ಣಿಗೆ ಗೆರೆ ಎಳೆದ ಹಾಗೆ ನೇರ. ಡಯಲ್ ಹಿಡಿದರೆ ಇನ್ನೂ ಕಾಲು ಮಿ.ಮೀ. ಮೇಲಿತ್ತು. ಬಗ್ಗಿದ ಜಾಗದಲ್ಲಿ ಕ್ರೋಮ್ ಮೇಲೆ ಕೂದಲಿನಷ್ಟು ಸಣ್ಣ ಬಿರುಕುಗಳು, ಉಗುರಿಗೆ ಸಿಗುತ್ತಿದ್ದವು. ಆ ಬಿರುಕು ಫೋರ್ಕಿನ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನು ಎಷ್ಟು ದಿನ ಉಳಿಸುತ್ತದೆ ಎಂದು ನಿಮಗೇ ಗೊತ್ತು. ಇದನ್ನು ಕ್ಲೇಮಿಗೆ ಹಚ್ಚಲಿಲ್ಲ, ನನ್ನ ಬೈಕಿನದಲ್ಲವಲ್ಲ. ಆದರೆ ಮಾತಾಡುವಾಗ ದನಿ ಗಟ್ಟಿಯಾಯಿತು.

ಚಾಸಿಸ್ ವಿಷಯ ಬೇರೆ. "ಚಾಸಿಸ್ಸೂ ಹೋಗಿದೆ ಎಂದು ಸಪ್ಲಿಮೆಂಟರಿ ಎಸ್ಟಿಮೇಟ್ ಹಾಕೋಣ, ಐಡಿವಿಯ 75% ದಾಟಿಸಿದರೆ ಟೋಟಲ್ ಲಾಸ್ ಆಗುತ್ತೆ, ಐಡಿವಿ ಲೆಕ್ಕದಲ್ಲೇ ದುಡ್ಡು ಬರುತ್ತೆ" ಎಂದು ವರ್ಕ್‌ಶಾಪಿನ ಒಬ್ಬರು ಕಿವಿಯಲ್ಲಿ ಊದಿದರು. ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇರೆ ಫೋರ್ಕು, ಚಕ್ರ ಹಾಕಿಸಿ ಹಿಂದಿನ ಟೈರಿನ ಎರಡೂ ಬದಿಯಿಂದ ದಾರ ಎಳೆದು ನೋಡಿದೆ. ಎರಡೂ ಕಡೆ ಮುಂದಿನ ಚಕ್ರಕ್ಕೆ ಒಂದೇ ಅಂತರ. ಹ್ಯಾಂಡಲ್ ತಿರುಗಿಸಿದರೆ ಬೇರಿಂಗ್ ಎಲ್ಲೂ ಹಿಡಿಯುತ್ತಿರಲಿಲ್ಲ. ಚಾಸಿಸ್ ಸರಿಯಿದೆ ಎಂದು ನಾನೇ ಮೇಲ್‌ನಲ್ಲಿ ಬರೆದುಕೊಟ್ಟೆ. ಪೆದ್ದ ಎಂದು ಬೈದರು. ಆದರೆ ಮುಂದೆ ನನ್ನ ಉಳಿದ ಅಳತೆಗಳನ್ನು ಯಾರೂ ಅನುಮಾನದಿಂದ ನೋಡಲಿಲ್ಲ. ಆ ಒಂದು ಸಾಲಿನ ಬೆಲೆ ಹತ್ತು ಸಾವಿರಕ್ಕಂತೂ ಕಡಿಮೆಯಿಲ್ಲ ಎಂದು ನನ್ನ ಲೆಕ್ಕ.

ಬೈಕ್ ಎಷ್ಟು ದಿನ ನಿಲ್ಲಿಸಲಿಕ್ಕಾಗುತ್ತದೆ? ಹಳೆ ಪಾರ್ಟುಗಳನ್ನು ಇಟ್ಟಿರುತ್ತೇನೆ, ಬೇಕಿದ್ದರೆ ಇಂಥ ದಿನದೊಳಗೆ ಬಂದು ಮತ್ತೆ ನೋಡಿ, ಇಲ್ಲದಿದ್ದರೆ ನನ್ನ ದುಡ್ಡಲ್ಲಿ ರಿಪೇರಿ ಮಾಡಿಸಿ ಬಿಲ್ ಕೊಡುತ್ತೇನೆ, ಹಕ್ಕು ಬಿಟ್ಟಿಲ್ಲ ಎಂದು ಮೇಲ್ ಹಾಕಿದೆ. ಯಾರೂ ಬರಲಿಲ್ಲ. ಮಾಡಿಸಿದೆ. 18 ಸಾವಿರಕ್ಕೆ ಫುಲ್ ಆಂಡ್ ಫೈನಲ್, ಅಂದರೆ ಇನ್ನೇನೂ ಕೇಳುವುದಿಲ್ಲ, ಎಂಬ ಡಿಸ್‌ಚಾರ್ಜ್ ವೌಚರ್ ಕಳಿಸಿದ್ದರು, ಸಹಿ ಹಾಕಲಿಲ್ಲ. ಅಲ್ಲಿ ಸಹಿ ಬಿದ್ದರೆ ಮುಂದಿನ ಜಗಳ ಬಹಳ ಕಷ್ಟ.

ಆಮೇಲೆ ಕಂಪನಿಯಲ್ಲಿ ದೂರು ನೋಡುವ ಗ್ರಿವೆನ್ಸ್ ಆಫೀಸರಿಗೆ ಬರೆದೆ. ಪಾಲಿಸಿ ನಿಯಮದ ಪ್ರಕಾರವೇ ಇದೆ ಎಂದು ಸಿದ್ಧ ಉತ್ತರ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಹಾಕಿದೆ. ಅದೇ ಉತ್ತರವನ್ನು ಅಲ್ಲೂ ಅಂಟಿಸಿ ದೂರು ಮುಚ್ಚಿದರು. ಬಹಳ ಜನ ಇಲ್ಲಿಗೇ ಕೈ ಚೆಲ್ಲುತ್ತಾರೆ. ನನಗೆ ಬೇಕಿದ್ದದ್ದೂ ಇದೇ, ಲಿಖಿತವಾಗಿ ಒಂದು ನಿರಾಕರಣೆ. ಅದು ಕೈಗೆ ಬಂದ ಮೇಲೆ ಒಂದು ವರ್ಷದೊಳಗೆ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಉತ್ತರವೇ ಬರದಿದ್ದರೆ ಒಂದು ತಿಂಗಳು ಕಾದು ಹೋಗಬಹುದು. ನಮ್ಮ ರಾಜ್ಯಕ್ಕೆ ಬೆಂಗಳೂರಿನ ಕಚೇರಿ. ಫೀಸಿಲ್ಲ, ವಕೀಲರಿಗೆ ಪ್ರವೇಶವಿಲ್ಲ, ಆನ್‌ಲೈನಲ್ಲೇ ದೂರು ಹಾಕಬಹುದು. ಆದೇಶವಾದರೆ ಕಂಪನಿ ಪಾಲಿಸಲೇಬೇಕು, ನಮಗೆ ಒಪ್ಪಿಗೆಯಾಗದಿದ್ದರೆ ಕನ್ಸ್ಯೂಮರ್ ಕೋರ್ಟ್ ಬಾಗಿಲು ತೆರೆದೇ ಇರುತ್ತದೆ. ಅಲ್ಲೂ ನಾವು ಕಟ್ಟಿದ ದುಡ್ಡು, ಅಂದರೆ ಇಲ್ಲಿ ಪ್ರೀಮಿಯಂ, 5 ಲಕ್ಷದೊಳಗಿದ್ದರೆ ಫೀಸಿಲ್ಲ, ಆದರೆ ಎರಡೂ ಕಡೆ ಒಟ್ಟಿಗೆ ಓಡಬೇಡಿ.

ಓಂಬುಡ್ಸ್‌ಮನ್‌ಗೆ ಹಾಕಿದ ದೂರನ್ನು ಎರಡು ಪುಟಕ್ಕೆ ನಿಲ್ಲಿಸಿದೆ. ಬೈಗುಳ ಇಲ್ಲ, ಮಾನಸಿಕ ಹಿಂಸೆ ಇಲ್ಲ. ಪಾರ್ಟ್, ಸರ್ವೇಯರ್ ಬರೆದದ್ದು, ನನ್ನ ಅಳತೆ, ಮ್ಯಾನ್ಯುಯಲ್ ಮಿತಿ, ಬಿಲ್, ಡಿಪ್ರಿಸಿಯೇಶನ್ ಕಳೆದ ಮೇಲೆ ಬರಬೇಕಾದ ಮೊತ್ತ, ಇಷ್ಟೇ ಇರುವ ಒಂದು ಟೇಬಲ್. ಡಿಪ್ರಿಸಿಯೇಶನ್ ನಾವೇ ಕಳೆದು ಕೇಳಬೇಕು, 58 ಪೂರ್ತಿ ಕೇಳಿದರೆ ಓದುವವರಿಗೆ ಮೊದಲ ಸಾಲಲ್ಲೇ ಬೇಸರ ಬರುತ್ತದೆ. ಟೇಬಲ್ ಕೆಳಗೆ ಒಂದೇ ಒಂದು ಪ್ರಶ್ನೆ ಹಾಕಿದ್ದೆ. ಅದರ ಪದಗಳನ್ನು ಹೊಂದಿಸಲು ಒಂದು ವಾರ ಒದ್ದಾಡಿದ್ದೇನೆ, ಹಾಗಾಗಿ ಅದು ನನ್ನ ಹತ್ತಿರವೇ ಇರಲಿ.

ಹಿಯರಿಂಗ್ ವಿಡಿಯೋದಲ್ಲೇ ನಡೆಯಿತು, ಹತ್ತು ಹದಿನೈದು ನಿಮಿಷ. ಕಂಪನಿಯ ಕಡೆಯವರು ಸರ್ವೇಯರ್ ಅನುಭವಿ ಎಂದರು. ಫೋರ್ಕ್ ಬೆಂಡ್ ಎಷ್ಟು ಎಂದು ಅಳೆದಿದ್ದೀರಾ ಎಂದು ಅವರನ್ನು ಕೇಳಲಾಯಿತು. ಫೈಲ್ ತಿರುವಿ ಹಾಕುವ ಸದ್ದು ಬಿಟ್ಟರೆ ಉತ್ತರ ಬರಲಿಲ್ಲ. ಫೋರ್ಕ್, ಟಿ-ಸ್ಟೆಮ್, ಅಲಾಯ್, ಟ್ಯಾಂಕ್ ನಾಲ್ಕೂ ರಿಪ್ಲೇಸ್ ಎಂದಾಯಿತು. ಸೈಲೆನ್ಸರಿಗೆ ಮಾತ್ರ ಏನೂ ಸಿಗಲಿಲ್ಲ. ಹಳೆ ಗೀರು ಅದರ ಮೇಲೆ ಇದ್ದದ್ದು ನಿಜ, ಕೇಳಿ ನೋಡಿದ್ದೆ ಅಷ್ಟೆ. ಬಡ್ಡಿಯೂ ಸಿಗಲಿಲ್ಲ. ಆದೇಶ ಬಂದು ತಿಂಗಳಾಗುವ ಮೊದಲೇ ದುಡ್ಡು ಖಾತೆಗೆ ಬಂತು.

ಖರ್ಚಿನ ಲೆಕ್ಕ: ಲೇತ್, ಪ್ರೆಸ್, ಗುಜರಿ ಟ್ಯೂಬ್, ಪ್ರಿಂಟು ಎಲ್ಲ ಸೇರಿ ಎರಡು ಸಾವಿರದ ಒಳಗೆ. ಸಮಯ ಸುಮಾರು ಏಳೆಂಟು ತಿಂಗಳು. ಎನ್‌ಸಿಬಿ ಹೋಗುತ್ತೆ ಎಂದು ಎಲ್ಲರೂ ಹೆದರಿಸುತ್ತಾರಲ್ಲ, ಅದನ್ನೂ ಕೂಡಿಸಿ ನೋಡಿದೆ. ಬೈಕಿಗೆ ಓಡಿ (ಸ್ವಂತ ಗಾಡಿಯ ಹಾನಿಗೆ ಕಟ್ಟುವ) ಪ್ರೀಮಿಯಂ ಇರುವುದೇ ಎರಡು ಸಾವಿರದ ಆಸುಪಾಸು. ಮುಂದಿನ ವರ್ಷ 35% ಸಿಗುತ್ತಿತ್ತು, ಸೊನ್ನೆಯಾಯಿತು, ಅಂದರೆ ಏಳುನೂರು. ಇನ್ನೆರಡು ಮೂರು ವರ್ಷ ಸೇರಿಸಿದರೂ ಎರಡು ಸಾವಿರದ ಆಸುಪಾಸೇ. ಸಾವಿರ, ಸಾವಿರದೈನೂರರ ಕನ್ನಡಿ ಇಂಡಿಕೇಟರಿಗೆ ಕ್ಲೇಮ್ ಹಾಕಬೇಡಿ, ಅದು ಬೇರೆ ಮಾತು.

ಹೇಳಲು ಮರೆತೆ, ಸಾಲ್ವೇಜ್ (ಹಳೆ ಪಾರ್ಟಿನ ಗುಜರಿ ಬೆಲೆ) ಎಂದು ಕೊನೆಯಲ್ಲಿ ಐನೂರು ಚಿಲ್ಲರೆ ಕಡಿದರು. ಕಡಿದರೆ ಹಳೆ ಪಾರ್ಟು ನಮ್ಮದೇ. ಅಲಾಯ್ ಒಂದೇ ಗುಜರಿಯಲ್ಲಿ ಏಳುನೂರಕ್ಕೆ ಹೋಯಿತು.