ಪಟ್ಟ ಸಿಗದವರನ್ನು ಲೆಕ್ಕಕ್ಕೆ ತಂದ ಮೇಲೆ

ನಾನು ರಿಂಗಿಗೆ ಇಳಿಯುತ್ತಿದ್ದದ್ದು 81 ಕಿಲೋ ವಿಭಾಗದಲ್ಲಿ. ಅಮೆಚೂರ್ ಬಾಕ್ಸಿಂಗಿನಲ್ಲಿ ಆಗ ಅದೇ ಲೈಟ್ ಹೆವಿವೇಟ್. ವೃತ್ತಿಪರರ ಮಿತಿ 175 ಪೌಂಡ್, ಅಂದರೆ ಸುಮಾರು 79.4 ಕಿಲೋ. ಹೆಚ್ಚುಕಡಿಮೆ ನನ್ನದೇ ತೂಕದವರು ಅಂತ ಅವರ ಮೇಲೆ ಮೊದಲಿಂದಲೂ ಒಂದು ಪಕ್ಷಪಾತ. ಹೆವಿವೇಟಿಗೆ ಸಿಗುವ ಹಣ ಇವರಿಗಿಲ್ಲ, ಆ ಹೆಸರೂ ಇಲ್ಲ. ಆದರೆ ಗುದ್ದಿಗೆ ಹೆವಿವೇಟಿನ ಭಾರ, ಕಾಲಿಗೆ ಮಿಡಲ್‌ವೇಟಿನ ಚುರುಕು ಎರಡೂ ಒಟ್ಟಿಗೆ ಕಾಣುವುದು ಈ ತೂಕದಲ್ಲೇ.

ಆಟ ಬಿಟ್ಟು ಹುಡುಗರಿಗೆ ಕಲಿಸಲು ನಿಂತ ಮೇಲೆ ಒಬ್ಬ ಶಿಷ್ಯ ಕೇಳಿದ: "ಸರ್, ಈ ತೂಕದಲ್ಲಿ ಯಾವ ಕಾಲದವರು ದೊಡ್ಡವರು?" ಯೋಚನೆಯನ್ನೇ ಮಾಡದೆ "ಎಪ್ಪತ್ತರ ದಶಕದ ಕೊನೆಯವರು" ಅಂದುಬಿಟ್ಟೆ. ಯಾಕೆ ಅಂತ ಅವನು ಮತ್ತೆ ಕೇಳಿದಾಗ ಬಾಯಿಗೆ ಏನೂ ಬರಲಿಲ್ಲ. ಉತ್ತರ ಹುಡುಕಲು ಕೂತವನಿಗೆ ಮೂರು ನೋಟ್‌ಬುಕ್ ತುಂಬುವವರೆಗೂ ಏಳಲಾಗಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ದಡ್ಡತನ. 1903ರಲ್ಲಿ ಜ್ಯಾಕ್ ರೂಟ್ ಮೊದಲ ಪಟ್ಟ ಗೆದ್ದಲ್ಲಿಂದ ಚಾಂಪಿಯನ್ನರ ಪಟ್ಟಿ ಬರೆದು, ಯಾರು ಎಷ್ಟು ಸಲ ಪಟ್ಟ ಉಳಿಸಿಕೊಂಡರು ಅಂತ ಎಣಿಸಿದೆ. 1968ರಲ್ಲಿ ಡಿಕ್ ಟೈಗರ್‌ನನ್ನು ನಾಲ್ಕನೇ ಸುತ್ತಿನಲ್ಲಿ ಕೆಡವಿ ಪಟ್ಟ ಹಿಡಿದ ಬಾಬ್ ಫಾಸ್ಟರ್ 14 ಸಲ. ವಿಶ್ವ ಪಟ್ಟ ಕೊಡುವ ಹಲವು ಸಂಸ್ಥೆಗಳಲ್ಲಿ ಒಂದಾದ ಡಬ್ಲ್ಯುಬಿಒದ ಬೆಲ್ಟ್ ಇಟ್ಟುಕೊಂಡಿದ್ದ ಡೇರಿಯುಸ್ ಮಿಖಾಲ್‌ಚೆವ್‌ಸ್ಕಿ 23 ಸಲ. ಈ ಲೆಕ್ಕ ನಂಬಿದರೆ ತೊಂಬತ್ತರ ದಶಕವೇ ಎಲ್ಲಕ್ಕಿಂತ ದೊಡ್ಡದಾಗಬೇಕು. ಆದರೆ ಅದೇ ಹೊತ್ತಿಗೆ ಅದೇ ತೂಕದಲ್ಲಿ ಉಳಿದ ಬೆಲ್ಟುಗಳನ್ನೆಲ್ಲ ಒಟ್ಟು ಮಾಡುತ್ತಿದ್ದ ರಾಯ್ ಜೋನ್ಸ್ ಮತ್ತು ಈ ಮಿಖಾಲ್‌ಚೆವ್‌ಸ್ಕಿ ಒಂದು ಸಲವೂ ಎದುರುಬದುರಾಗಲಿಲ್ಲ. ಇನ್ನೂ ದೊಡ್ಡ ಎಡವಟ್ಟು ಎಂದರೆ ಆ ಪಟ್ಟಿಯಲ್ಲಿ ಎಜರ್ಡ್ ಚಾರ್ಲ್ಸ್ ಹೆಸರೇ ಇರಲಿಲ್ಲ. ಈ ತೂಕದಲ್ಲಿ ಅವನನ್ನು ಮೀರಿಸಿದವನಿಲ್ಲ ಅನ್ನುವವರು ಬಹಳ ಜನ. ಲೈಟ್ ಹೆವಿವೇಟ್ ಪಟ್ಟ ಮಾತ್ರ ಅವನಿಗೆ ಸಿಗಲೇ ಇಲ್ಲ. ಪಟ್ಟ ಗಸ್ ಲೆಸ್ನೆವಿಚ್ ಹತ್ತಿರ ಇತ್ತು, ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅದಕ್ಕೆ ಬೀಗ ಬಿತ್ತು. ಆಮೇಲೂ ಚಾರ್ಲ್ಸ್‌ಗೆ ಕರೆ ಬರಲಿಲ್ಲ.

ಪಟ್ಟಿ ಹರಿದು ಹಾಕಿದೆ. ಒಂದು ದೊಡ್ಡ ಡ್ರಾಯಿಂಗ್ ಹಾಳೆ ತಂದು, ಒಂದೊಂದು ಕಾಲಕ್ಕೆ ಹತ್ತು ಹೆಸರನ್ನು ವೃತ್ತಾಕಾರವಾಗಿ ಬರೆದೆ. ಬೆಲ್ಟ್ ಇದ್ದವನು, ಇಲ್ಲದವನು ಅಂತ ಭೇದ ಮಾಡಲಿಲ್ಲ. ಇಬ್ಬರು ಒಮ್ಮೆ ಆಡಿದ್ದರೆ ಅವರ ನಡುವೆ ಒಂದು ಗೆರೆ, ಎರಡು ಸಲ ಆಡಿದ್ದರೆ ಎರಡು. ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇದೊಂದೇ.

ನಲವತ್ತರ ದಶಕದ ಹಾಳೆ ಜೇಡರ ಬಲೆಯ ಹಾಗಾಯಿತು. ಚಾರ್ಲ್ಸ್ ಮತ್ತು ಆರ್ಚಿ ಮೂರ್ ನಡುವೆ ಮೂರು ಗೆರೆ: 1946, 1947, 1948. ಮೂರರಲ್ಲೂ ಗೆದ್ದವನು ಚಾರ್ಲ್ಸ್. ಆ ಚಾರ್ಲ್ಸ್‌ನನ್ನು 1943ರಲ್ಲಿ ಜಿಮ್ಮಿ ಬಿವಿನ್ಸ್ ಸೋಲಿಸಿದ್ದ, ಅದೇ ವರ್ಷ ಲಾಯ್ಡ್ ಮಾರ್ಷಲ್ ನಾಕೌಟ್ ಮಾಡಿದ್ದ. ಇಬ್ಬರಿಗೂ ಚಾರ್ಲ್ಸ್ ಆಮೇಲೆ ಸಾಲ ತೀರಿಸಿದ. ಮೂರ್ ಮತ್ತು ಬಿವಿನ್ಸ್ ಐದು ಸಲ, ಮೂರ್ ಮತ್ತು ಹೆರಾಲ್ಡ್ ಜಾನ್ಸನ್ ಐದು ಸಲ. ತೂಕದಲ್ಲಿ ಚಿಕ್ಕವನಾದ ಚಾರ್ಲಿ ಬರ್ಲಿ 1944ರಲ್ಲಿ ಮೂರ್‌ನನ್ನು ಕೆಡವಿ ಕೆಡವಿ ಪಾಯಿಂಟ್ ಮೇಲೆ ಗೆದ್ದ. ಇವರಲ್ಲಿ ಹೆಚ್ಚಿನವರಿಗೆ ವಿಶ್ವ ಪಟ್ಟದ ಅವಕಾಶ ಬಂದದ್ದು ತೀರಾ ತಡವಾಗಿ, ಇಲ್ಲವೇ ಬರಲೇ ಇಲ್ಲ. ಎಲ್ಲರೂ ಕಪ್ಪು ಜನಾಂಗದವರು, ಜೊತೆಗೆ ಸೋಲಿಸಲು ಕಷ್ಟದವರು. ಚಾಂಪಿಯನ್ನನ ಮ್ಯಾನೇಜರ್ ಇಂಥವರನ್ನು ಯಾಕೆ ಕರೆಯುತ್ತಾನೆ? ಬೇರೆ ದಾರಿ ಇಲ್ಲದೆ ಒಬ್ಬರನ್ನೊಬ್ಬರು ಹೊಡೆಯುತ್ತಾ ಹೊಟ್ಟೆ ಹೊರೆದರು. 1935ರ ಸುಮಾರಿಗೆ ವೃತ್ತಿಗೆ ಬಂದ ಮೂರ್‌ಗೆ ಪಟ್ಟದ ಪಂದ್ಯ ಸಿಕ್ಕಿದ್ದು 1952ರ ಡಿಸೆಂಬರ್‌ನಲ್ಲಿ, ಜೋಯಿ ಮ್ಯಾಕ್ಸಿಮ್ ಎದುರು. ಆಗ ಅವನ ವಯಸ್ಸು 36 ಅಥವಾ 39. ಹುಟ್ಟಿದ್ದು 1916 ಅಂತ ಅವನು, 1913 ಅಂತ ಅವನ ತಾಯಿ. ನಾನು ತಾಯಿಯ ಪಕ್ಷ.

ಎಪ್ಪತ್ತರ ಕೊನೆಯ ಹಾಳೆಯೂ ದಟ್ಟವಾಗಿಯೇ ಬಂತು. ವಿಕ್ಟರ್ ಗಲಿಂಡೆಸ್, ಯಾಕಿ ಲೋಪೆಸ್, ಮಾರ್ವಿನ್ ಜಾನ್ಸನ್, ಮ್ಯಾಥ್ಯೂ ಸಾದ್ ಮುಹಮ್ಮದ್, ಎಡ್ಡಿ ಮುಸ್ತಫಾ ಮುಹಮ್ಮದ್, ಡ್ವೈಟ್ ಮುಹಮ್ಮದ್ ಕಾವಿ, ಮೈಕಲ್ ಸ್ಪಿಂಕ್ಸ್. ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಲೇ ಜೈಲಿನೊಳಗೆ ಪಂದ್ಯ ಆಡುತ್ತಿದ್ದ ಜೇಮ್ಸ್ ಸ್ಕಾಟ್‌ಗೂ ಅಲ್ಲಿ ಗೆರೆಗಳಿವೆ. ಅದೇ ಜೈಲಿನಲ್ಲಿ, ಅಮೆರಿಕದ ನ್ಯೂಜೆರ್ಸಿಯ ರಾವೇಯಲ್ಲಿ, ಬಾಕ್ಸಿಂಗ್ ಕಲಿತು ಹೊರಗೆ ಬಂದಿದ್ದ ಕಾವಿ, 1981ರಲ್ಲಿ ವಾಪಸ್ ಒಳಗೆ ಹೋಗಿ ಸ್ಕಾಟ್‌ನನ್ನು ಸೋಲಿಸಿ ಬಂದ.

ಇಲ್ಲಿ ನನ್ನ ಒಂದು ತಪ್ಪು ಒಪ್ಪಿಕೊಳ್ಳಬೇಕು. ಸಾದ್ ಮುಹಮ್ಮದ್ ನನ್ನ ಹೀರೊ. 1980ರಲ್ಲಿ ಲೋಪೆಸ್ ಜೊತೆ ಅವನು ಆಡಿದ ಎರಡನೇ ಪಂದ್ಯಕ್ಕೆ ನಾನು ಸುತ್ತು ಸುತ್ತಾಗಿ ಅಂಕ ಹಾಕಿದ್ದೆ. ಎಂಟನೇ ಸುತ್ತಿನಲ್ಲಿ ಲೋಪೆಸ್ ಹಗ್ಗಕ್ಕೆ ಒತ್ತಿ ಸುರಿಮಳೆಗರೆಯುತ್ತಾನೆ, ಸಾದ್ ಬೀಳುವುದಿಲ್ಲ, ಹದಿನಾಲ್ಕರಲ್ಲಿ ಇವನೇ ಪಂದ್ಯ ಮುಗಿಸುತ್ತಾನೆ. ಒಂದು ವಾರ ಬಿಟ್ಟು ವೀಕ್ಷಕ ವಿವರಣೆಯ ದನಿ ಪೂರ್ತಿ ತೆಗೆದು, ಸಾದ್ ಮುಖ ಬಿಟ್ಟು ಕಾಲು ಮತ್ತು ಎಡಗೈ ಮಾತ್ರ ನೋಡುತ್ತಾ ಮತ್ತೆ ಅಂಕ ಹಾಕಿದೆ. ಮೊದಲ ಸಲ ಅವನಿಗೆ ಕೊಟ್ಟಿದ್ದ ಸುತ್ತುಗಳಲ್ಲಿ ಮೂರು ಕೈಬಿಟ್ಟವು. ಪೆಟ್ಟು ತಿಂದೂ ನಿಂತಿದ್ದಾನಲ್ಲ ಅನ್ನುವ ಬೆರಗಿಗೇ ಅಂಕ ಕೊಟ್ಟಿದ್ದೆ! ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಹೊಡೆದ ಎಡಗೈ ಗಲ್ಲದ ಹತ್ತಿರ ವಾಪಸ್ ಬರುವುದೇ ಇಲ್ಲ. ನನ್ನ ಹುಡುಗರು ಹಾಗೆ ಮಾಡಿದರೆ ಬೈದು ನೂರು ಸಲ ಮಾಡಿಸುತ್ತೇನೆ. ಕಾವಿ 1981ರ ಕೊನೆಯಲ್ಲಿ ಹತ್ತನೇ ಸುತ್ತಿನಲ್ಲಿ, ಮರುವರ್ಷ ಆರನೇ ಸುತ್ತಿನಲ್ಲಿ ಅವನನ್ನು ನಿಲ್ಲಿಸಿದ್ದು ಆ ತೆರೆದ ಬಾಗಿಲಿನಿಂದಲೇ. ಮೈ ನವಿರೇಳಿಸುವ ಪಂದ್ಯಗಳ ಕಾಲವೇ ಒಳ್ಳೆಯ ಬಾಕ್ಸಿಂಗಿನ ಕಾಲವೂ ಅಂತ ಹೇಳಲು ಬರುವುದಿಲ್ಲ ಎಂದು ಆವತ್ತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಒಲ್ಲದ ಮನಸ್ಸಿನಿಂದಲೇ.

ತೂಕದ ವಿಚಾರವನ್ನು ಲೆಕ್ಕಕ್ಕೆ ತಂದದ್ದು ಸ್ವಂತ ಅನುಭವದಿಂದ. ಒಮ್ಮೆ 86 ಕಿಲೋ ಇದ್ದವನು ಆರು ದಿನದಲ್ಲಿ 81ಕ್ಕೆ ಇಳಿದಿದ್ದೆ. ಬೆಳಿಗ್ಗೆ ತೂಕ, ಸಂಜೆ ಪಂದ್ಯ. ಮೊದಲ ಸುತ್ತು ಸರಿಯಾಗಿಯೇ ಹೋಯಿತು. ಮೂರನೆಯದರಲ್ಲಿ ಗ್ಲೌಸ್ ಒದ್ದೆ ಮೂಟೆಯ ಹಾಗೆ ಕೆಳಕ್ಕೆ ಜಗ್ಗತೊಡಗಿತು. ಮೂರ್ ಕಾಲದಲ್ಲಿ ಪಂದ್ಯದ ದಿನವೇ ತೂಕ ನೋಡಿ 15 ಸುತ್ತು ಆಡುತ್ತಿದ್ದರು. ಈಗ ಹಿಂದಿನ ದಿನ ತೂಕ, ಮರುದಿನ 12 ಸುತ್ತು. ಹಾಗಾಗಿ ಇಂದಿನ 175 ಪೌಂಡಿನವನು ರಿಂಗಿಗೆ ಬರುವ ಹೊತ್ತಿಗೆ ಹಳಬರಿಗಿಂತ ಎಷ್ಟೋ ಭಾರವಾಗಿರುತ್ತಾನೆ, ಮೂರು ಸುತ್ತು ಕಡಿಮೆ ಓಡುತ್ತಾನೆ. ಮೂರ್ 1958ರಲ್ಲಿ ಮಾಂಟ್ರಿಯಲ್‌ನಲ್ಲಿ ಇವೋನ್ ಡ್ಯುರೆಲ್ ಕೈಯಲ್ಲಿ ಮೊದಲ ಸುತ್ತಿನಲ್ಲೇ ಮೂರು ಸಲ, ಐದರಲ್ಲಿ ಮತ್ತೊಮ್ಮೆ ನೆಲ ಕಂಡು, ಹನ್ನೊಂದನೇ ಸುತ್ತಿನಲ್ಲಿ ಗೆದ್ದ. ಹದಿನೈದು ಸುತ್ತು ಇದೆ ಅನ್ನುವ ಅರಿವು ಇದ್ದವನಿಗಷ್ಟೇ ಅಂಥ ತಾಳ್ಮೆ ಬರುತ್ತದೆ ಅಂತ ನನ್ನ ಅನಿಸಿಕೆ.

ಇನ್ನೊಂದು, ಆಗ ಅಕ್ಕಪಕ್ಕದಲ್ಲಿ ಬೇರೆ ತೂಕಗಳೇ ಇರಲಿಲ್ಲ. 160 ಪೌಂಡಿನ ಮಿಡಲ್‌ವೇಟಿನಿಂದ ನೇರ 175, ಅಲ್ಲಿಂದ ಮೇಲೆ ಹೆವಿವೇಟ್. ಕ್ರೂಸರ್‌ವೇಟ್ ಬಂದದ್ದು ಎಪ್ಪತ್ತರ ಕೊನೆಯಲ್ಲಿ, ಸೂಪರ್ ಮಿಡಲ್‌ವೇಟ್ ಎಂಬತ್ತರ ದಶಕದಲ್ಲಿ. ಈಗ ಬೇರೆ ಬೇರೆ ವಿಭಾಗಕ್ಕೆ ಹಂಚಿಹೋಗುವವರೆಲ್ಲ ಆಗ ಒಂದೇ ಕಡೆ ತುಂಬಿಕೊಂಡಿದ್ದರು.

ಹೆವಿವೇಟಿನವರ ಎದುರು ಹೇಗೆ ಆಡಿದರು ಅನ್ನುವುದನ್ನು ಅಳತೆಗೋಲು ಮಾಡಲು ನೋಡಿದೆ, ಅದು ಅಷ್ಟು ನೆಟ್ಟಗೆ ಬರಲಿಲ್ಲ. 1941ರಲ್ಲಿ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ ಎದುರು 12 ಸುತ್ತು ಮುಂದಿದ್ದ ಬಿಲ್ಲಿ ಕಾನ್ ಹದಿಮೂರರಲ್ಲಿ ಬಿದ್ದ. ಫಾಸ್ಟರ್ ಫ್ರೇಜಿಯರ್‌ಗೂ ಅಲಿಗೂ ಸೋತ. ಸ್ಪಿಂಕ್ಸ್ 1985ರಲ್ಲಿ 48 ಪಂದ್ಯ ಸೋಲಿಲ್ಲದೆ ಬಂದಿದ್ದ ಲ್ಯಾರಿ ಹೋಮ್ಸ್‌ನನ್ನು ಸೋಲಿಸಿದ. 2003ರಲ್ಲಿ ರಾಯ್ ಜೋನ್ಸ್ ಹೆವಿವೇಟಿನ ಜಾನ್ ರೂಯಿಸ್‌ನನ್ನು ಸೋಲಿಸಿದ. ಹಾಗಂತ ಕಾನ್‌ಗಿಂತ ಜೋನ್ಸ್ ಮೇಲು ಅನ್ನಲು ಆಗುತ್ತದೆಯೇ? ಒಬ್ಬನ ಎದುರು ನಿಂತಿದ್ದವನು ಜೋ ಲೂಯಿಸ್.

ಇಪ್ಪತ್ತರ ದಶಕವನ್ನು ಹಾಳೆಯಿಂದ ಹೊರಗಿಟ್ಟೆ. ಜೀನ್ ಟನಿ ತನ್ನ ಬದುಕಿನಲ್ಲಿ ಸೋತದ್ದು ಒಬ್ಬನಿಗೆ ಮಾತ್ರ, 1922ರಲ್ಲಿ ಹ್ಯಾರಿ ಗ್ರೆಬ್‌ಗೆ. ಆ ಗ್ರೆಬ್ ಆಡಿದ ಒಂದು ಪಂದ್ಯದ ಫಿಲ್ಮ್ ಕೂಡ ಸಿಕ್ಕಿಲ್ಲ. ಕಾಲು ನೋಡದೆ ಬಾಕ್ಸರ್‌ನ ಬಗ್ಗೆ ಮಾತಾಡುವುದು ನನಗೆ ಒಗ್ಗದು.

ಈಗಿನವರ ಹಾಳೆ ನಾನು ಅಂದುಕೊಂಡಷ್ಟು ಬರಿದಾಗಿರಲಿಲ್ಲ. ವಾರ್ಡ್ ಮತ್ತು ಕೋವಲೆವ್ ನಡುವೆ ಎರಡು ಗೆರೆ, ಬೆತರ್ಬಿಯೆವ್ ಮತ್ತು ಬಿವೋಲ್ ನಡುವೆ ಎರಡು. 2024ರ ಅಕ್ಟೋಬರ್‌ನಲ್ಲಿ ಗೆದ್ದವನು ಬೆತರ್ಬಿಯೆವ್, 2025ರ ಫೆಬ್ರವರಿಯಲ್ಲಿ ಬಿವೋಲ್. ಎರಡು ಸಲವೂ ಒಬ್ಬ ತೀರ್ಪುಗಾರ ಸಮ ಅಂದ. ಕೌಶಲದಲ್ಲಿ ಆ ಎರಡು ಪಂದ್ಯಗಳು ಯಾವ ಕಾಲಕ್ಕೂ ಕಡಿಮೆಯಲ್ಲ. ಆದರೆ ಆ ಇಬ್ಬರ ಸುತ್ತ ಉಳಿದ ಎಂಟು ಹೆಸರುಗಳ ನಡುವೆ ಗೆರೆಗಳು ತೆಳು.

ನನ್ನ ತೀರ್ಪು: ನಲವತ್ತರ ದಶಕ ಮತ್ತು ಐವತ್ತರ ಮೊದಲ ಕೆಲವು ವರ್ಷ ಮೊದಲು, 1976ರಿಂದ 1983 ಎರಡನೆಯದು. ಅಂತರ ಕೂದಲೆಳೆಯದಲ್ಲ. ಬೆಲ್ಟ್ ಮುಟ್ಟಲೂ ಆಗದ ಬಿವಿನ್ಸ್, ಮಾರ್ಷಲ್ ಥರದವರು ಬೇರೆ ಯಾವುದೇ ಕಾಲದಲ್ಲಿ ಹುಟ್ಟಿದ್ದರೆ ಚಾಂಪಿಯನ್ ಆಗುತ್ತಿದ್ದರು. ಎಪ್ಪತ್ತರ ಗುಂಪಿನಲ್ಲಿ ಆ ಮಾತು ನಾನು ಹೇಳಬಹುದಾದದ್ದು ಲೋಪೆಸ್ ಒಬ್ಬನ ಬಗ್ಗೆ.

ಹಾಳೆಗಳನ್ನು ಶಿಷ್ಯನ ಮುಂದೆ ಹರಡಿದೆ. ಎಲ್ಲ ನೋಡಿ, "ಹಾಗಾದರೆ ಆವತ್ತು ನೀವು ಹೇಳಿದ್ದು ತಪ್ಪು" ಅಂದ. ಹೌದು ಅಂದೆ. ಆಮೇಲೆ ಇಬ್ಬರೂ ಕೂತು 1983ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸ್ಪಿಂಕ್ಸ್ ಮತ್ತು ಕಾವಿ ಆಡಿದ ಪಂದ್ಯ ಹಾಕಿದೆವು, ದನಿ ಇಲ್ಲದೆ. ಎಂಟನೇ ಸುತ್ತಿನಲ್ಲಿ ಸ್ಪಿಂಕ್ಸ್ ಕೆಳಗೆ ಬಿದ್ದಾಗ ರೆಫರಿ ಅದನ್ನು ನಾಕ್‌ಡೌನ್ ಅಂತ ಎಣಿಸಿದ. ಕಾವಿಯ ಕಾಲು ಸ್ಪಿಂಕ್ಸ್‌ನ ಕಾಲಿನ ಮೇಲಿತ್ತು ಅನ್ನುವುದು ನನ್ನ ವಾದ, ಗುದ್ದು ಮೊದಲು ತಗುಲಿತು ಅನ್ನುವುದು ಅವನದು. ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ನೋಡಿದೆವು. ಆ ಸುತ್ತಿಗೆ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಅಂಕ, ಅವನದರಲ್ಲಿ ಇನ್ನೊಂದು.